ಇಂಗ್ಲಿಷ್ ಬಿಟ್ಟ ಮೇಲೆ ಜರ್ಮನ್ ಬಂತು

ಸರ್ಕಾರಿ ಶಾಲೆ ಮಕ್ಕಳಿಗೆ ಜರ್ಮನ್ ಯಾಕ್ರೀ ಅಂತ ಸ್ಟಾಫ್ ರೂಮಿನಲ್ಲಿ ನಕ್ಕವರೇ ಈಗ ನನ್ನ ಚಾರ್ಟಿನ ಫೋಟೊ ತೆಗೆದುಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಪೂರ್ತಿ ಹಾಳು. ಎಲ್ಲವನ್ನೂ ಇಂಗ್ಲಿಷ್ ಮೂಲಕ ಹೇಳಿಕೊಟ್ಟೆ. 35 ಮಕ್ಕಳಿದ್ದರು ಅನ್ನಿ, ಅವರ ಇಂಗ್ಲಿಷೇ ಕುಂಟುತ್ತಿತ್ತು. ಜರ್ಮನ್‌ನಲ್ಲಿ 'ವೇರ್' ಅಂದರೆ ಯಾರು. ಇವರು ಇಂಗ್ಲಿಷಿನ 'ವೇರ್' ಅಂದುಕೊಂಡು ಎಲ್ಲಿ ಅಂತ ಬರೆದರು. 'ವೋ' ಅಂದರೆ ಎಲ್ಲಿ. ಹಿಂದಿ ಮನೆಯ ಹುಡುಗರು 'ಅವನು' ಅಂದರು! ಸ್ಪೀಕರ್, ಬಣ್ಣದ ಕಾರ್ಡು ಅಂತ ಅರ್ಧ ತಿಂಗಳ ಸಂಬಳ ಕೈಯಿಂದ ಸುರಿದೆ. ಅವೆಲ್ಲ ಈಗ ಬೀರುವಿನಲ್ಲಿ ಧೂಳು ತಿನ್ನುತ್ತಿವೆ.

ಹುಡುಗಿಗೆ ಜರ್ಮನ್‌ನಲ್ಲಿ ನಪುಂಸಕಲಿಂಗ, 'ದಾಸ್ ಮೇಡ್ಷೆನ್'. ತರಗತಿಯೆಲ್ಲ ನಗು. ಆಗ ತೆಲುಗು ಮನೆಯ ಹುಡುಗಿಯೊಬ್ಬಳು, "ಸಾರ್, ನಮ್ಮಲ್ಲೂ ಹಂಗೇ. ಅಮ್ಮಾಯಿ ವಚ್ಚಿಂದಿ, ಬಸ್ಸು ವಚ್ಚಿಂದಿ" ಅಂದಳು. ಹುಡುಗಿ ಬಂದರೂ ಬಸ್ಸು ಬಂದರೂ ತೆಲುಗಿನಲ್ಲಿ ಒಂದೇ 'ಬಂತು'. ಹಿಂದಿನ ಬೆಂಚಿನಿಂದ ಇನ್ನೊಬ್ಬ, "ನಾವೂ ಮಗು ಬಂತು ಅಂತೀವಲ್ಲ!"

ಮಾರನೇ ದಿನದಿಂದ ವ್ಯಾಕರಣ ವಿವರಿಸುವುದನ್ನೇ ಬಿಟ್ಟೆ. ಜರ್ಮನ್ ವಾಕ್ಯ ಬರೆದು, "ನಿಮ್ಮನೇಲಿ ಇದನ್ನ ಹೇಗೆ ಹೇಳ್ತೀರಿ?" ಅಂತ ಕೇಳುತ್ತೇನೆ, ಅಷ್ಟೇ. ಕನ್ನಡ, ತೆಲುಗು, ತಮಿಳು, ಉರ್ದು, ಲಂಬಾಣಿ, ಎಲ್ಲಕ್ಕೂ ಚಾರ್ಟಿನಲ್ಲಿ ಒಂದೊಂದು ಕಾಲಂ. ಲಂಬಾಣಿಯದನ್ನು ಆ ಹುಡುಗನೇ ಕನ್ನಡ ಅಕ್ಷರದಲ್ಲಿ ತುಂಬುತ್ತಾನೆ. 'ವೈಲ್' (ಯಾಕೆಂದರೆ) ಬಂದಾಗ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದಲ್ಲ, ಅದಕ್ಕೆ ಹಿಂದೆ ನಾಲ್ಕು ಪೀರಿಯಡ್ ಬೇಕಿತ್ತು. ಈಗ ಹತ್ತು ನಿಮಿಷ. ನಮ್ಮ ಭಾಷೆಗಳಲ್ಲಿ ಅದು ಇರುವುದೇ ಅಲ್ಲಿ. ತಪ್ಪು ಮಾಡಿದ್ದು ಇಂಗ್ಲಿಷ್ ಚೆನ್ನಾಗಿ ಬರುವ ಮೂವರೇ! ಇಪ್ಪತ್ತೊಂದಕ್ಕೆ ಜರ್ಮನ್ನರು 'ಒಂದು ಮತ್ತು ಇಪ್ಪತ್ತು' ಅನ್ನುತ್ತಾರೆ. ಉರ್ದು ಮಕ್ಕಳ 'ಇಕ್ಕೀಸ್'ನಲ್ಲೂ ಒಂದೇ ಮೊದಲು. ಆ ವಾರ ಅವರೇ ಮೇಷ್ಟ್ರು.

ಎಡವಟ್ಟೂ ಆಯಿತು. ಉರ್ದುವಿನಲ್ಲಿ ಮೇಜು ಸ್ತ್ರೀಲಿಂಗ, ಜರ್ಮನ್‌ನಲ್ಲಿ ಪುಲ್ಲಿಂಗ. ಒಂದಿಡೀ ಬೆಂಚು ತಪ್ಪು ಬರೆಯಿತು. ಲಿಂಗಕ್ಕೆ ಮಾತ್ರ ಬಾಯಿಪಾಠವೇ ಗತಿ.

ತಾಯಂದಿರ ದನಿ ಫೋನಿನಲ್ಲಿ ರೆಕಾರ್ಡ್ ಮಾಡಿ ತರಿಸುವ ಪ್ರಯೋಗವನ್ನೂ ಮಾಡಿದೆ. ಬಂದಿದ್ದರಲ್ಲಿ ಮುಕ್ಕಾಲು ಪಾಲು ಟಿವಿ ಸದ್ದು.

ಮೊದಲ ವರ್ಷ ಸ್ವಂತವಾಗಿ ನಾಲ್ಕು ವಾಕ್ಯ ಹೇಳಿದವರು ಆರೋ ಏಳೋ. ಈ ಸಲ 25 ದಾಟಿದೆ. ಖರ್ಚು ಚಾರ್ಟು, ಸ್ಕೆಚ್ ಪೆನ್ ಮಾತ್ರ. ಯಾರ ಪಕ್ಕ ಯಾರನ್ನು ಕೂರಿಸುತ್ತೇನೆ ಅನ್ನುವುದರಲ್ಲಿ ಅರ್ಧ ಗುಟ್ಟಿದೆ. ಅದನ್ನು ಸದ್ಯಕ್ಕೆ ಹೇಳೋದಿಲ್ಲ, ಚಾರ್ಟಿನ ಫೋಟೊ ತೆಗೆದುಕೊಂಡವರು ಸ್ವಲ್ಪ ತಲೆ ಕೆಡಿಸಿಕೊಳ್ಳಲಿ.