ಎರಡು ಮುರಿದವು, ಮೂರನೆಯದು ಹಾರಿತು

ನಾನೇ ಕಟ್ಟಿದ ಮೊದಲ ರಿಮೋಟ್ ಮಾದರಿ ವಿಮಾನ ಹಾರಿದ್ದು ನಾಲ್ಕು ಸೆಕೆಂಡು. ಗೆಳೆಯ ಫೋನಿನಲ್ಲಿ ತೆಗೆದ ವಿಡಿಯೊ ನೋಡಿದ ಮೇಲೆ ಈ ಲೆಕ್ಕ ಸಿಕ್ಕಿತು. ಆಗ ನನಗೆ ಅರ್ಧ ಗಂಟೆ ಆದಂತೆ ಅನಿಸಿತ್ತು. ಕೈಯಿಂದ ಬಿಟ್ಟ ಕೂಡಲೇ ಮೂಗು ಎತ್ತಿತು. ಇನ್ನೂ ಎತ್ತಿತು. ಗಾಳಿಯಲ್ಲಿ ಒಂದು ಗಳಿಗೆ ನಿಂತಂತೆ ಕಂಡಿತು. ಆಮೇಲೆ ಎಡಕ್ಕೆ ವಾಲಿ, ತಲೆಕೆಳಗಾಗಿ ನೆಲಕ್ಕೆ ಬಡಿಯಿತು. ಮೂರು ವಾರದ ಕೆಲಸ ಒಂದು ಚೀಲದಲ್ಲಿ ಮನೆಗೆ ಬಂತು.

ಗಾಳಿ ಜಾಸ್ತಿ ಇತ್ತು ಅಂತ ಎಲ್ಲರಿಗೂ ಹೇಳಿದೆ. ವಿಡಿಯೊದಲ್ಲಿ ಹುಲ್ಲಿನ ಒಂದು ಎಸಳೂ ಅಲುಗಾಡುತ್ತಿರಲಿಲ್ಲ.

ಬಯಲಿನಲ್ಲಿ ಬಹಳ ವರ್ಷಗಳಿಂದ ವಿಮಾನ ಹಾರಿಸುವ ಹಿರಿಯರೊಬ್ಬರಿದ್ದರು. ಅವರು ಚೂರುಗಳನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: "ಬ್ಯಾಟರಿ ಎಲ್ಲಿಟ್ಟಿದ್ದೆ?" ಎಲ್ಲಿ ಜಾಗ ಇತ್ತೋ ಅಲ್ಲಿ, ಅಂದೆ. ಅವರು ನಕ್ಕು ಸುಮ್ಮನಾದರು. ಮನೆಗೆ ಬಂದು ಚೂರುಗಳನ್ನು ಟೇಪಿನಲ್ಲಿ ಜೋಡಿಸಿ, ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ತೂಗಿ ನೋಡಿದೆ. ನನ್ನ ರೆಕ್ಕೆ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ 20 ಸೆಂ.ಮೀ. ಅಗಲವಿತ್ತು. ಮುಂದಿನ ಅಂಚಿನಿಂದ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗದೊಳಗೆ, ಅಂದರೆ 5ರಿಂದ 6.5 ಸೆಂ.ಮೀ. ಒಳಗೆ ತೂಕದ ಕೇಂದ್ರ ಬರಬೇಕು. ನನ್ನದು 9 ಸೆಂ.ಮೀ.ಯಲ್ಲಿತ್ತು.

ಬಾಣದ ಮೂತಿ ಯಾಕೆ ಭಾರ ಇರುತ್ತದೆ ಗೊತ್ತಲ್ವಾ? ಅದೇ ಕತೆ. ತೂಕ ಮುಂದಿದ್ದರೆ, ಗಾಳಿ ಮೂಗನ್ನು ಎತ್ತಿದರೂ ಬಾಲ ಅದನ್ನು ಸರಿದಾರಿಗೆ ತರುತ್ತದೆ. ತೂಕ ಹಿಂದಿದ್ದರೆ, ಎತ್ತಿದ ಮೂಗು ಇನ್ನೂ ಎತ್ತುತ್ತಲೇ ಹೋಗುತ್ತದೆ. ಆಮೇಲೆ ಲೆಕ್ಕ ಹಾಕಿದೆ. ವಿಮಾನ 800 ಗ್ರಾಂ, ಅದರಲ್ಲಿ ಬ್ಯಾಟರಿಯೇ 180 ಗ್ರಾಂ. ಬ್ಯಾಟರಿಯನ್ನು 1 ಸೆಂ.ಮೀ. ಮುಂದೆ ಸರಿಸಿದರೆ ಕೇಂದ್ರ ಸರಿಯುವುದು ಸುಮಾರು 2 ಮಿ.ಮೀ. ಅಷ್ಟೇ. ನನ್ನ ತಪ್ಪು ಸರಿಯಾಗಬೇಕಾದರೆ ಬ್ಯಾಟರಿಯನ್ನು ಹತ್ತಿರ ಹತ್ತಿರ 15 ಸೆಂ.ಮೀ. ಮುಂದಿಡಬೇಕಿತ್ತು. ಅಷ್ಟು ಮೂಗು ನನ್ನ ವಿಮಾನಕ್ಕೇ ಇರಲಿಲ್ಲ.

1871ರಲ್ಲಿ ಆಲ್ಫೋನ್ಸ್ ಪೆನೋ ಎಂಬ ಫ್ರೆಂಚ್ ಯುವಕ ಪ್ಯಾರಿಸ್ಸಿನ ಉದ್ಯಾನವೊಂದರಲ್ಲಿ ರಬ್ಬರ್ ಬ್ಯಾಂಡ್ ತಿರುಚಿ ಒಂದು ಪುಟ್ಟ ವಿಮಾನ ಹಾರಿಸಿದ. ಅರ್ಧ ಮೀಟರ್ ಉದ್ದದ ಆ ವಿಮಾನ 11 ಸೆಕೆಂಡು ಹಾರಿತು. ರೇಡಿಯೊ ಇಲ್ಲ, ಮೋಟಾರ್ ಇಲ್ಲ. ತೂಕ ಎಲ್ಲಿರಬೇಕು, ಬಾಲ ಎಷ್ಟು ಓರೆ ಇರಬೇಕು, ರೆಕ್ಕೆಯ ತುದಿ ಎಷ್ಟು ಮೇಲೇಳಬೇಕು ಅನ್ನುವುದು ಅವನಿಗೆ ಗೊತ್ತಿತ್ತು. ನನಗಿಂತ ಏಳು ಸೆಕೆಂಡು ಜಾಸ್ತಿ, ಅದೂ ರಬ್ಬರ್ ಬ್ಯಾಂಡಿನಲ್ಲಿ! ಇದನ್ನು ಓದಿದ ದಿನ ನನಗೆ ಸ್ವಲ್ಪ ನಾಚಿಕೆಯಾಯಿತು.

ಎರಡನೆಯ ವಿಮಾನದಲ್ಲಿ ತೂಕ ಸರಿಯಾಗಿತ್ತು. ಅದು ಬಿದ್ದದ್ದಕ್ಕೆ ಕಾರಣ ಹೇಳಲೂ ಮುಜುಗರ. ರೆಕ್ಕೆಯ ಹಿಂಭಾಗದಲ್ಲಿ ಐಲೆರಾನ್ ಅನ್ನುವ ಪಟ್ಟಿಗಳಿರುತ್ತವೆ, ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸಲು. ಹೊರಡುವ ಮೊದಲು ಕೈಯಲ್ಲಿನ ಟ್ರಾನ್ಸ್‌ಮಿಟರಿನ, ಅಂದರೆ ರಿಮೋಟಿನ, ಸ್ಟಿಕ್ ಅಲ್ಲಾಡಿಸಿದೆ, ಪಟ್ಟಿಗಳೂ ಅಲ್ಲಾಡಿದವು. ಸಾಕು ಅಂದುಕೊಂಡೆ. ಯಾವ ಕಡೆಗೆ ಅಲ್ಲಾಡಿದವು ಅಂತ ನೋಡಲೇ ಇಲ್ಲ. ವಿಮಾನ ಮೇಲೇರಿತು, ಸ್ವಲ್ಪ ಎಡಕ್ಕೆ ವಾಲಿತು. ಬಲಕ್ಕೆ ಸ್ಟಿಕ್ ಕೊಟ್ಟೆ, ಇನ್ನೂ ಎಡಕ್ಕೆ ವಾಲಿತು. ಹೆದರಿ ಪೂರ್ತಿ ಬಲಕ್ಕೆ ಕೊಟ್ಟೆ. ನನ್ನ ಕೈಯಾರೆ ಅದನ್ನು ಮಗುಚಿ ಹಾಕಿದೆ. ಟ್ರಾನ್ಸ್‌ಮಿಟರಿನಲ್ಲಿ ಒಂದು ಬಟನ್ ಒತ್ತಿದ್ದರೆ ಆ ದಿಕ್ಕು ಬದಲಾಗುತ್ತಿತ್ತು. ಎರಡು ಸೆಕೆಂಡಿನ ಕೆಲಸ.

ಎರಡೂ ವಿಮಾನಗಳು ಬಯಲಿನಲ್ಲಿ ಬಿದ್ದಿದ್ದವು ನಿಜ. ಆದರೆ ಎರಡನ್ನೂ ನಾನು ಮನೆಯ ಮೇಜಿನ ಮೇಲೆಯೇ ಕೆಡವಿ ಆಗಿತ್ತು. ಹಾಗಾಗಿ ಮೂರನೆಯದಕ್ಕೆ ಕೈ ಹಾಕುವ ಮೊದಲು ಎರಡು ವಾರ ಬರೀ ಕಾಗದದ ಮೇಲೆ ಲೆಕ್ಕ ಮಾಡಿದೆ.

ಮೊದಲ ತೀರ್ಮಾನ, ಐಲೆರಾನ್ ಬೇಡ. ಮೂರು ಚಾನೆಲ್, ಅಂದರೆ ಮೂರು ನಿಯಂತ್ರಣ ಸಾಕು: ಮೋಟಾರಿಗೆ ಥ್ರಾಟಲ್, ಮೇಲೆ ಕೆಳಗೆ ಮಾಡಲು ಬಾಲದಲ್ಲಿ ಎಲಿವೇಟರ್ ಪಟ್ಟಿ, ತಿರುಗಲು ಅಲ್ಲೇ ರಡ್ಡರ್ ಪಟ್ಟಿ. ಐಲೆರಾನ್ ಇಲ್ಲದೆ ತಿರುಗಬೇಕಾದರೆ ರೆಕ್ಕೆಗಳು ಇಂಗ್ಲಿಷಿನ ವಿ ಅಕ್ಷರದ ಹಾಗೆ ಸ್ವಲ್ಪ ಮೇಲೆದ್ದಿರಬೇಕು. ರಡ್ಡರ್ ಮೂಗನ್ನು ತಿರುಗಿಸಿದಾಗ ಒಂದು ರೆಕ್ಕೆಗೆ ಗಾಳಿ ಜಾಸ್ತಿ ಸಿಕ್ಕಿ, ವಿಮಾನ ತಾನಾಗಿ ವಾಲುತ್ತದೆ. ಕೈಬಿಟ್ಟರೆ ನೆಟ್ಟಗಾಗಲು ನೋಡುತ್ತದೆ. ಕಲಿಯುವವನಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ನಾನು ಪ್ರತಿ ತುದಿಯನ್ನು 7 ಸೆಂ.ಮೀ. ಎತ್ತಿದೆ.

ರೆಕ್ಕೆ ತುದಿಯಿಂದ ತುದಿಗೆ 120 ಸೆಂ.ಮೀ., ಅಗಲ 20 ಸೆಂ.ಮೀ. ಅಂದರೆ 24 ಚದರ ಡೆಸಿಮೀಟರ್. 800 ಗ್ರಾಂ ತೂಕವನ್ನು ಅದರಿಂದ ಭಾಗಿಸಿದರೆ ಒಂದು ಚದರ ಡೆಸಿಮೀಟರಿಗೆ 33 ಗ್ರಾಂ. ವಿಮಾನ ನಿಧಾನವಾಗಿ ಹಾರುತ್ತದೋ ಕಲ್ಲಿನಂತೆ ಓಡುತ್ತದೋ ಅಂತ ಹೇಳುವುದು ಈ ಸಂಖ್ಯೆ. ಇಷ್ಟಿದ್ದರೆ ಸೆಕೆಂಡಿಗೆ ಸುಮಾರು 7 ಮೀಟರ್ ವೇಗಕ್ಕೆ ಇಳಿಯುವವರೆಗೂ ರೆಕ್ಕೆ ವಿಮಾನವನ್ನು ಹೊತ್ತುಕೊಳ್ಳುತ್ತದೆ. ಗಂಟೆಗೆ 25 ಕಿ.ಮೀ., ಸೈಕಲ್ ಜೋರಾಗಿ ತುಳಿದಷ್ಟು. ಅದಕ್ಕಿಂತ ಕಡಿಮೆಯಾದರೆ ಸ್ಟಾಲ್, ಅಂದರೆ ರೆಕ್ಕೆ ಕೈಬಿಡುತ್ತದೆ.

ಮೈಯೆಲ್ಲ 5 ಮಿ.ಮೀ. ಫೋಮ್ ಬೋರ್ಡಿನದು. ತೀರಾ ಹಗುರವಾದ ಬಾಲ್ಸಾ ಮರ ಚಂದ, ಅದರ ಮೇಲೆ ನನಗೆ ಆಸೆಯೂ ಇದೆ. ಆದರೆ ಮುರಿಯುವುದು ಗ್ಯಾರಂಟಿ ಇದ್ದಾಗ ಫೋಮೇ ವಾಸಿ. ಹತ್ತು ನಿಮಿಷದಲ್ಲಿ ಅಂಟಿಸಿ ಮತ್ತೆ ಹಾರಿಸಬಹುದು. ರೆಕ್ಕೆಗೆ ಸರಿಯಾದ ಉಬ್ಬು ಕೊಡಲು ನನಗೆ ಬರುತ್ತಿರಲಿಲ್ಲ. ಅದಕ್ಕೆ ಕ್ಲೈನ್ ಮತ್ತು ಫೋಗಲ್‌ಮನ್ ಎಂಬ ಇಬ್ಬರು ಅಮೆರಿಕನ್ನರ ಉಪಾಯ ಹಿಡಿದೆ. ಕಾಗದದ ವಿಮಾನದ ಮಡಿಕೆಯಿಂದ ಹೊಳೆದ ಉಪಾಯ ಅದು. ಚಪ್ಪಟೆ ರೆಕ್ಕೆಯ ಮೇಲೆ, ಮುಂದಿನ ಅರ್ಧಕ್ಕೆ ಮಾತ್ರ ಇನ್ನೊಂದು ಪದರ ಅಂಟಿಸುವುದು. ನಡುವೆ ಒಂದು ಮೆಟ್ಟಿಲು ಆಗುತ್ತದೆ. ದೊಡ್ಡ ವಿಮಾನಗಳಿಗೆ ಇದರಿಂದ ಲಾಭವಿಲ್ಲ. ನಮ್ಮ ಫೋಮ್ ವಿಮಾನಗಳಿಗೆ ಮಾತ್ರ ಚೆನ್ನಾಗಿ ಒಗ್ಗುತ್ತದೆ, ರೆಕ್ಕೆಯೂ ಗಟ್ಟಿಯಾಗುತ್ತದೆ. ಎರಡು ಪದರದ ನಡುವೆ ಒಂದು ಬಿದಿರಿನ ಕಡ್ಡಿ ಇಟ್ಟರೆ ಬಾಗುವುದೂ ಇಲ್ಲ.

ಅಂಟಿನ ವಿಷಯ ಒಂದು ಹೇಳಲೇಬೇಕು. ಫೆವಿಕ್ವಿಕ್ ಥರದ ಅಂಟನ್ನು ಫೋಮಿನ ಮೇಲೆ ಹಾಕಬೇಡಿ. ಅದು ಫೋಮನ್ನು ಕರಗಿಸಿ ತಿನ್ನುತ್ತದೆ. ಕಣ್ಣೆದುರೇ ಗುಂಡಿ ಬೀಳುತ್ತದೆ. ಹಾಟ್ ಗ್ಲೂ ಆಗಬಹುದು, ತೀರಾ ಬಿಸಿ ಇರಬಾರದು, ತೀರಾ ಜಾಸ್ತಿಯೂ ಆಗಬಾರದು. ಮೊದಲ ವಿಮಾನದ ಚೂರುಗಳಿಂದ ಅಂಟನ್ನೆಲ್ಲ ಕಿತ್ತು ತಕ್ಕಡಿಗೆ ಹಾಕಿದಾಗ 60 ಗ್ರಾಂ ಬಂತು. ಅದರಲ್ಲಿ ಬಹುಪಾಲು ಬಾಲದ ಹತ್ತಿರ! ಅಮೆರಿಕದ ಮೇನಾರ್ಡ್ ಹಿಲ್ 2003ರಲ್ಲಿ ಕೆನಡಾದ ತೀರದಿಂದ ಐರ್ಲೆಂಡಿಗೆ ಅಟ್ಲಾಂಟಿಕ್ ಸಾಗರ ದಾಟಿಸಿದ ಮಾದರಿ ವಿಮಾನ, ಇಂಧನ ತುಂಬಿದಾಗಲೂ ಸುಮಾರು 5 ಕಿಲೊ ಅಷ್ಟೇ ಇತ್ತು. 38 ಗಂಟೆಗೂ ಹೆಚ್ಚು ಹೊತ್ತು ಹಾರಿತು. ನಾನು 60 ಗ್ರಾಂ ಅಂಟು ಬಳಿದು ಕೂತಿದ್ದೆ.

ಮೋಟಾರ್ 2212, 1000 ಕೆವಿ. ಹೊಸಬರಿಗೆ ಈ ಅಂಕಿಗಳು ಗೊಂದಲ. 22 ಅಂದರೆ ಒಳಗಿನ ಸುರುಳಿಯ ಭಾಗದ ವ್ಯಾಸ, 12 ಅದರ ಎತ್ತರ, ಎರಡೂ ಮಿಲಿಮೀಟರಿನಲ್ಲಿ. ಕೆವಿ ಅಂದರೆ ಕಿಲೊವೋಲ್ಟ್ ಅಲ್ಲ, ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅಂತ. ಮೂರು ಸೆಲ್‌ನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ 11.1 ವೋಲ್ಟ್. ಪ್ರೊಪೆಲರ್ ಇಲ್ಲದಿದ್ದರೆ ನಿಮಿಷಕ್ಕೆ 11 ಸಾವಿರ ಸುತ್ತು, ಹಾಕಿದ ಮೇಲೆ ಅದಕ್ಕಿಂತ ಸಾಕಷ್ಟು ಕಡಿಮೆ. ಪ್ರೊಪೆಲರ್ 10 ಇಂಚಿನದು. ವೇಗ ನಿಯಂತ್ರಿಸುವ ಇಎಸ್‌ಸಿ 30 ಆಂಪಿಯರಿನದು. ಮೋಟಾರ್ ಅದರ ಅರ್ಧವನ್ನೂ ಕಷ್ಟಪಟ್ಟು ಎಳೆಯುತ್ತದೆ, ಇರಲಿ, ತಣ್ಣಗಿರುತ್ತದೆ. ಮೋಟಾರನ್ನು ನೆಟ್ಟಗೆ ಕೂರಿಸಬಾರದು. ಎರಡು ಡಿಗ್ರಿ ಬಲಕ್ಕೆ, ಎರಡು ಡಿಗ್ರಿ ಕೆಳಕ್ಕೆ ಓರೆ ಮಾಡಿದೆ. ಇಲ್ಲದಿದ್ದರೆ ಥ್ರಾಟಲ್ ಕೊಟ್ಟಾಗಲೆಲ್ಲ ವಿಮಾನ ಎಡಕ್ಕೆಳೆಯುತ್ತದೆ, ಮೂಗೆತ್ತುತ್ತದೆ.

ನನ್ನ ಎಡಗೈ ತೋರುಬೆರಳಿನಲ್ಲಿ ಒಂದು ಗೆರೆ ಇದೆ. ಇಎಸ್‌ಸಿ ಹೊಂದಿಸುವಾಗ ಪ್ರೊಪೆಲರ್ ಬಿಚ್ಚಿರಲಿಲ್ಲ. ಆವತ್ತಿನಿಂದ ಮೇಜಿನ ಮೇಲೆ ಬ್ಯಾಟರಿ ಜೋಡಿಸುವುದಿದ್ದರೆ ಮೊದಲು ಪ್ರೊಪೆಲರ್ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತೇನೆ.

ಬಿಚ್ಚಿದ ಮೇಲೆ ಇನ್ನೊಂದು ಪರೀಕ್ಷೆಯನ್ನೂ ಮಾಡಬಹುದು. ಮೋಟಾರ್ ತಿರುಗುತ್ತಿರುವಾಗಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಮೋಟಾರ್ ನಿಂತರೆ ಸರಿ. ನಿಲ್ಲದಿದ್ದರೆ, ಸಂಪರ್ಕ ತಪ್ಪಿದ ದಿನ ನಿಮ್ಮ ವಿಮಾನ ಪೂರ್ತಿ ಜೋರಿನಲ್ಲಿ ಯಾರ ತಲೆಯ ಕಡೆಗಾದರೂ ಹೋಗಬಹುದು. ಸಂಪರ್ಕ ತಪ್ಪಿದಾಗ ಮೋಟಾರ್ ನಿಲ್ಲಿಸುವ ಈ ಫೇಲ್‌ಸೇಫ್ ಹೊಂದಿಸದೆ ಬಯಲಿಗೆ ಬರುವವರ ಪಕ್ಕ ನಾನು ನಿಲ್ಲುವುದಿಲ್ಲ.

ಇಷ್ಟಾದ ಮೇಲೂ ನೇರ ಹಾರಿಸಲಿಲ್ಲ. ಅದೇ ಟ್ರಾನ್ಸ್‌ಮಿಟರನ್ನು ಕಂಪ್ಯೂಟರಿಗೆ ಜೋಡಿಸಿ ಸಿಮ್ಯುಲೇಟರಿನಲ್ಲಿ ಹದಿನೈದು ಗಂಟೆ ಕೂತೆ. ಅಲ್ಲಿ ಎಷ್ಟು ಮುರಿದೆನೋ ಲೆಕ್ಕವಿಲ್ಲ. ಮುಖ್ಯ ತೊಂದರೆ ಒಂದೇ. ವಿಮಾನ ನಮ್ಮ ಕಡೆಗೆ ಬರುವಾಗ ಎಡ ಬಲ ಅದಲು ಬದಲಾಗುತ್ತದೆ. ತಲೆಯಲ್ಲಿ ಲೆಕ್ಕ ಹಾಕುವಷ್ಟರಲ್ಲಿ ನೆಲ ಬಂದಿರುತ್ತದೆ. ಆ ಹಿರಿಯರು ಒಂದು ದಾರಿ ಹೇಳಿಕೊಟ್ಟರು: ಎದುರು ಬರುವಾಗ ಯಾವ ರೆಕ್ಕೆ ಕೆಳಗಿದೆಯೋ ಆ ಕಡೆಗೆ ಸ್ಟಿಕ್ ಒತ್ತು, ಬೀಳುವ ರೆಕ್ಕೆಗೆ ಊರುಗೋಲು ಕೊಟ್ಟ ಹಾಗೆ. ಇಷ್ಟೇ ನೆನಪಿಟ್ಟುಕೊಂಡೆ. ಈಗ ಬೆರಳು ತಾನಾಗಿ ಹೋಗುತ್ತದೆ.

ಹಾರಿಸಿದ ದಿನ ಬೆಳಗ್ಗೆ ಆರೂವರೆ. ಮೊದಲು ಮೋಟಾರ್ ಇಲ್ಲದೆ ಎತ್ತರದ ಹುಲ್ಲಿನ ಮೇಲೆ ಮೆಲ್ಲಗೆ ಎಸೆದೆ. ಸ್ವಲ್ಪ ತಲೆತಗ್ಗಿಸಿ, ನೆಟ್ಟಗೆ ತೇಲಿ, ಹದಿನೈದು ಹೆಜ್ಜೆ ದೂರ ಹೋಗಿ ಕೂತಿತು. ಆಗಲೇ ಅರ್ಧ ಧೈರ್ಯ ಬಂತು. ಆಮೇಲೆ ಹಿಂದೆ ನಿಂತು ಮತ್ತೊಮ್ಮೆ ನೋಡಿದೆ: ಸ್ಟಿಕ್ ಬಲಕ್ಕೆ, ರಡ್ಡರ್ ಬಲಕ್ಕೆ. ಸ್ಟಿಕ್ ನನ್ನ ಕಡೆಗೆ, ಎಲಿವೇಟರ್ ಮೇಲಕ್ಕೆ. ಗಾಳಿಗೆ ಎದುರಾಗಿ ಮುಕ್ಕಾಲು ಥ್ರಾಟಲ್ ಕೊಟ್ಟು ಗೆಳೆಯನ ಕೈಯಿಂದ ಬಿಡಿಸಿದೆ.

ಹೋಯಿತು. ಸುಮ್ನೆ ಹೋಯಿತು. ನಾನು ಏನೂ ಮಾಡಲಿಲ್ಲ ಅನ್ನುವುದೇ ನನಗೆ ಆಶ್ಚರ್ಯ. ಐವತ್ತು ಮೀಟರ್ ಎತ್ತರಕ್ಕೆ ಹೋದ ಮೇಲೆ ಥ್ರಾಟಲ್ ಇಳಿಸಿದೆ, ಅದು ಅಲ್ಲೇ ದೊಡ್ಡ ಸುತ್ತು ಹಾಕತೊಡಗಿತು. ಮೊಣಕಾಲು ನಡುಗುತ್ತಿದ್ದದ್ದು ಇಳಿಸಿದ ಮೇಲೆ ಗೊತ್ತಾಯಿತು. ಆರು ನಿಮಿಷ ಹಾರಿಸಿದ್ದೆ.

ಹಾಗಂತ ಅದು ಬೀಳಲೇ ಇಲ್ಲ ಅಂತಲ್ಲ. ಏಳನೆಯ ಹಾರಾಟದಲ್ಲಿ ಬಿತ್ತು. ಈ ತಪ್ಪನ್ನು ಮಾತ್ರ ಮೇಜಿನ ಮೇಲೆ ಹೊರಿಸಲಾಗದು, ಪೂರ್ತಿ ನನ್ನ ಬೆರಳಿನದು. ಆವತ್ತು ಸೆಕೆಂಡಿಗೆ ಸುಮಾರು 4 ಮೀಟರ್ ಗಾಳಿ ಇತ್ತು. ವಿಮಾನ ಸೆಕೆಂಡಿಗೆ 9 ಮೀಟರ್ ವೇಗದಲ್ಲಿ ಹಾರುತ್ತಿತ್ತು ಅಂದುಕೊಳ್ಳಿ. ಗಾಳಿಯ ಜೊತೆ ಹೋಗುವಾಗ ನೆಲದಿಂದ ನೋಡುವ ನನಗೆ 13 ಮೀಟರಿನ ವೇಗ ಕಾಣುತ್ತದೆ. ಅಯ್ಯೋ, ಜೋರಾಯಿತು ಅಂತ ಥ್ರಾಟಲ್ ಇಳಿಸಿದೆ. ಕಣ್ಣಿಗೆ ಸರಿ ಅನಿಸಿದ 9 ಮೀಟರಿಗೆ ಬಂದಾಗ ಅದರ ರೆಕ್ಕೆಗೆ ಸಿಗುತ್ತಿದ್ದ ಗಾಳಿ ಬರೀ 5 ಮೀಟರಿನದು. ರೆಕ್ಕೆಗೆ ಕನಿಷ್ಠ ಬೇಕಿದ್ದದ್ದು 7. ತಿರುವಿನಲ್ಲೇ ಕುಸಿಯಿತು. ಮೂಗು ಜಜ್ಜಿತು, ಪ್ರೊಪೆಲರ್ ಹೋಯಿತು, ಬೇರೇನೂ ಆಗಲಿಲ್ಲ. ಅಲ್ಲೇ ಕೂತು ಅಂಟಿಸಿ ಅರ್ಧ ಗಂಟೆಯಲ್ಲಿ ಮತ್ತೆ ಹಾರಿಸಿದೆ.

ಬ್ಯಾಟರಿಯ ಬಗ್ಗೆ ನಾನು ಕಲಿತದ್ದೂ ಕೆಡಿಸಿಯೇ. ಲಿಪೋದ ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ತುಂಬಿಸಿ ಎರಡು ವಾರ ಹಾಗೇ ಬಿಟ್ಟಿದ್ದೆ, ದಿಂಬಿನ ಹಾಗೆ ಉಬ್ಬಿ ಕೂತಿತ್ತು. ಹಾರಿಸದ ದಿನಗಳಲ್ಲಿ 3.8 ವೋಲ್ಟಿಗೆ ಇಳಿಸಿ ಇಡಬೇಕಂತೆ, ಈಗ ಹಾಗೇ ಇಡುತ್ತೇನೆ. ಚಾರ್ಜ್ ಆಗುವಾಗ ಕೋಣೆ ಬಿಟ್ಟು ಹೋಗುವುದಿಲ್ಲ, ಬೆಂಕಿ ಹತ್ತಿದರೆ ಲಿಪೋ ಸುಲಭಕ್ಕೆ ಆರುವುದಿಲ್ಲ. ಇಡೀ ಬ್ಯಾಟರಿ 2200 ಎಂಎಎಚ್. ಅದರ ಐದನೇ ಒಂದು ಭಾಗ ಉಳಿಸಬೇಕು. ಸರಾಸರಿ 10 ಆಂಪಿಯರ್ ಎಳೆದರೆ ಹತ್ತು ನಿಮಿಷ ಸಿಗುತ್ತದೆ. ನನ್ನ ಟೈಮರ್ ಎಂಟಕ್ಕೇ ಕೂಗುತ್ತದೆ. ಇಳಿಸಲು ಬಂದು, ತಪ್ಪಿ, ಮತ್ತೊಂದು ಸುತ್ತು ಹಾಕಬೇಕಾದಾಗ ಆ ಎರಡು ನಿಮಿಷ ಬೇಕು.

ಆ ಮೂರನೆಯದು ಈಗಲೂ ಇದೆ. ಮೂಗಿನಲ್ಲಿ ಫೋಮಿಗಿಂತ ಟೇಪೇ ಜಾಸ್ತಿ, ಬ್ಯಾಟರಿಯನ್ನು ಅದಕ್ಕೆ ತಕ್ಕಂತೆ ಹಿಂದೆ ಸರಿಸಿದ್ದೇನೆ. ಮೇಜಿನ ಮೇಲೆ ನಾಲ್ಕನೆಯದರ ರೆಕ್ಕೆ ಒಣಗುತ್ತಿದೆ. ಈ ಸಲ ಐಲೆರಾನ್ ಇದೆ. ಸ್ಟಿಕ್ ಬಲಕ್ಕೆ ಒತ್ತಿದರೆ ಬಲದ ಪಟ್ಟಿ ಮೇಲಕ್ಕೆ. ನಿನ್ನೆ ರಾತ್ರಿ ಮೂರು ಸಲ ನೋಡಿದೆ. ಮಲಗುವ ಮೊದಲು ಎದ್ದು ಹೋಗಿ ಇನ್ನೊಂದು ಸಲ ನೋಡಿದೆ.