ನೋಡ್ ಇನ್‌ಸ್ಟಾಲ್ ಅರ್ಧಕ್ಕೆ ನಿಂತಾಗ ನಾನು ಮಾಡಿದ್ದು

ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಆದ ಉಬುಂಟು 22.04ರ ಸ್ವಂತ ರೆಪೊಸಿಟರಿಯಲ್ಲಿ (ಸಾಫ್ಟ್‌ವೇರ್ ಸಂಗ್ರಹದಲ್ಲಿ) ಸಿಗುವುದು ನೋಡ್ ಜೆಎಸ್ 12. ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ಓಡಿಸುವ ಸಾಫ್ಟ್‌ವೇರ್ ಇದು. ಈ ಉಬುಂಟು ಬಂದ 2022ರ ಏಪ್ರಿಲ್‌ನಲ್ಲೇ ನೋಡ್ 12ರ ಬೆಂಬಲ ಮುಗಿಯಿತು. ನನಗೆ 18 ಬೇಕಿತ್ತು. ಹೊರಗಿನ ಒಂದು ರೆಪೊಸಿಟರಿ ಸೇರಿಸಿ ಇನ್‌ಸ್ಟಾಲ್ ಕೊಟ್ಟೆ. ಪ್ಯಾಕೇಜುಗಳನ್ನು (ಸಾಫ್ಟ್‌ವೇರ್ ಕಟ್ಟುಗಳನ್ನು) ಕೂರಿಸುವ ಡಿಪಿಕೆಜಿ ಅರ್ಧದಲ್ಲೇ ಎರರ್ ಕೊಟ್ಟು ನಿಂತಿತು.

ಇಂಥ ಹೊತ್ತಿನಲ್ಲಿ ಕೊನೆಯ ಸಾಲನ್ನಷ್ಟೇ ಓದುವವರು ಜಾಸ್ತಿ. ಅಲ್ಲಿರುವುದು ಬರೀ ಎರರ್ ಕೋಡ್ 1. ಕೆಲಸಕ್ಕೆ ಬರುವ ಸಾಲು ಅದಕ್ಕಿಂತ ಮೇಲಿರುತ್ತದೆ, ‘ಟ್ರೈಯಿಂಗ್ ಟು ಓವರ್‌ರೈಟ್’ ಅಂತ ಶುರುವಾಗುತ್ತದೆ. ಯಾವ ಫೈಲು, ಅದು ಈಗ ಯಾವ ಪ್ಯಾಕೇಜಿನದು, ಎರಡನ್ನೂ ಅದೇ ಹೇಳಿಬಿಡುತ್ತದೆ. ನನಗೆ ಬಂದದ್ದು ಯುಎಸ್‌ಆರ್/ಇನ್‌ಕ್ಲೂಡ್/ನೋಡ್ ಫೋಲ್ಡರಿನ ಕಾಮನ್.ಜಿವೈಪಿಐ ಎಂಬ ಫೈಲು. ಅದರ ಒಡೆಯ ಲಿಬ್‌ನೋಡ್-ಡೆವ್. ಹಳೆಯ ನೋಡ್ 12ರ ಹೆಡರ್ ಫೈಲುಗಳಿರುವ (ಕಂಪೈಲ್ ಮಾಡುವಾಗ ಬೇಕಾಗುವ ಫೈಲುಗಳಿರುವ) ಪ್ಯಾಕೇಜ್ ಅದು. ಹೊಸ ನೋಡ್ ಪ್ಯಾಕೇಜ್ ತನ್ನ ಹೆಡರ್‌ಗಳನ್ನು ಅದೇ ಜಾಗದಲ್ಲಿ ಇಡಲು ಬರುತ್ತದೆ. ಒಂದು ಫೈಲಿಗೆ ಇಬ್ಬರು ಒಡೆಯರನ್ನು ಡಿಪಿಕೆಜಿ ಸುಮ್ನೆ ಒಪ್ಪುವುದಿಲ್ಲ.

‘ಫೋರ್ಸ್-ಓವರ್‌ರೈಟ್ ಕೊಟ್ಟುಬಿಡು’, ಅಂದರೆ ಇದ್ದ ಫೈಲಿನ ಮೇಲೆಯೇ ಬಲವಂತವಾಗಿ ಬರೆಸು, ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ನಾನು ಕೊಡಲಿಲ್ಲ. ಇನ್‌ಸ್ಟಾಲ್ ಆಗುತ್ತದೆ, ನಿಜ. ಆದರೆ 12ರಲ್ಲಿದ್ದು 18ರಲ್ಲಿ ಇಲ್ಲದ ಹೆಡರ್‌ಗಳು ಅಲ್ಲೇ ಉಳಿಯುತ್ತವೆ. ಹಳತು ಹೊಸತು ಬೆರೆತ ಆ ಫೋಲ್ಡರನ್ನು ನಂಬಿ ಮುಂದೆ ಏನಾದರೂ ಕಂಪೈಲ್ ಮಾಡಿದರೆ, ತೊಂದರೆಯ ಮೂಲ ಹುಡುಕುವುದು ಇನ್ನೂ ಕಷ್ಟ, ಅಲ್ವಾ?

ಡಿಪಿಕೆಜಿಗೆ ದೊಡ್ಡಕ್ಷರದ ಎಸ್ ಜೊತೆ ಫೈಲಿನ ಪೂರ್ತಿ ಪಾತ್ ಕೊಟ್ಟು ಒಡೆಯ ಯಾರೆಂದು ಖಚಿತಮಾಡಿಕೊಂಡೆ. ಆಮೇಲೆ ಪ್ಯಾಕೇಜ್ ಹಾಕುವ, ತೆಗೆಯುವ ಕಮಾಂಡ್ ಆದ ಆಪ್ಟ್‌ನ ರಿಮೂವ್‌ಗೆ ಸಣ್ಣಕ್ಷರದ ಎಸ್ ಸೇರಿಸಿ ಓಡಿಸಿದೆ. ಅದು ಏನನ್ನೂ ತೆಗೆಯುವುದಿಲ್ಲ, ಏನೇನು ಹೋಗುತ್ತದೆಂದು ತೋರಿಸುತ್ತದೆ ಅಷ್ಟೆ. ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಲಿಬ್‌ನೋಡ್-ಡೆವ್ ಹೋದರೆ ಅದನ್ನು ನೆಚ್ಚಿಕೊಂಡ ನೋಡ್-ಜಿಪ್ (ನೋಡ್ ಮಾಡ್ಯೂಲ್ ಕಂಪೈಲ್ ಮಾಡುವ ಸಾಧನ) ಹೋಗುತ್ತದೆ, ಉಬುಂಟುವಿನ ಎನ್‌ಪಿಎಂ (ನೋಡ್ ಮಾಡ್ಯೂಲ್‌ಗಳನ್ನು ಹಾಕುವ ಸಾಧನ) ಇನ್ನೂ ಇದ್ದರೆ ಅದೂ ಹೋಗುತ್ತದೆ. ಹೊಸ ನೋಡ್ ತನ್ನದೇ ಎನ್‌ಪಿಎಂ ತರುವುದರಿಂದ ನನಗೆ ಅದು ಚಿಂತೆಯಾಗಲಿಲ್ಲ. ಪಟ್ಟಿಯಲ್ಲಿ ಬೇಕಾದದ್ದು ಕಂಡರೆ ಅಲ್ಲೇ ನಿಲ್ಲಿಸಿ.

ಲಿಬ್‌ನೋಡ್-ಡೆವ್ ತೆಗೆದು, ಅರ್ಧಕ್ಕೆ ನಿಂತದ್ದನ್ನು ಸರಿಪಡಿಸಲು ಆಪ್ಟ್‌ಗೆ ಫಿಕ್ಸ್-ಬ್ರೋಕನ್ ಕೊಟ್ಟು, ಮತ್ತೆ ಇನ್‌ಸ್ಟಾಲ್ ಮಾಡಿದೆ. ಈ ಸಲ ತಕರಾರಿಲ್ಲದೆ ಮುಗಿಯಿತು. ಡಿಪಿಕೆಜಿಯ ಆಡಿಟ್ ಓಡಿಸಿದಾಗ ಏನನ್ನೂ ಹೇಳಲಿಲ್ಲ, ಅಂದರೆ ಅರ್ಧಂಬರ್ಧ ಕೂತ ಪ್ಯಾಕೇಜ್ ಇಲ್ಲ. ಪ್ರಾಜೆಕ್ಟಿನಲ್ಲಿ 12ಕ್ಕಾಗಿ ಕಂಪೈಲ್ ಆಗಿದ್ದ ಮಾಡ್ಯೂಲ್‌ಗಳು ಉಳಿದಿದ್ದವು. ಅವನ್ನು 18ಕ್ಕಾಗಿ ಮತ್ತೆ ಕಂಪೈಲ್ ಮಾಡಲು ಎನ್‌ಪಿಎಂ ರೀಬಿಲ್ಡ್ ಕೊಟ್ಟೆ.