ಪತ್ತನಾಜೆ ನಂಬಿ ಕೂರಬೇಡಿ: ಅಡಿಕೆ ತೋಟದಲ್ಲಿ ಮಳೆ ಅಳೆದು ಮದ್ದು ಬಿಡುವ ಬಗೆ

ಪತ್ತನಾಜೆ ಕಳೆದ ಮೇಲೆ ಅಡಿಕೆಗೆ ಕೊಳೆರೋಗದ ಮದ್ದು ಬಿಡುವುದು ನಮ್ಮ ಮಾವನವರ ಪದ್ಧತಿ. ತುಳುವರ ಬೇಷ ತಿಂಗಳ ಹತ್ತನೇ ದಿನವೇ ಪತ್ತನಾಜೆ, ಅಂದರೆ ಮೇ 24ರ ಆಸುಪಾಸು. ಅಂದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ಮಳೆ ಹಿಡಿಯುವವರೆಗೆ ಒಂದು ವಾರವಾದರೂ ಪುರುಸೊತ್ತು ಸಿಗುತ್ತಿತ್ತು. 2023ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೇ ಬಂತು. ಹಿರಿಯಡ್ಕದ ಹತ್ತಿರದ ನಮ್ಮ ತೋಟದಲ್ಲಿ ಆ ವರ್ಷ ಮೊದಲ ಮದ್ದು ಮಳೆಗೆ ಮುಂಚೆ ಆಗಲೇ ಇಲ್ಲ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಮರದ ಬುಡದ ತುಂಬ ಉದುರಿದ ಹಸಿರು ಕಾಯಿ. ಕೊಳೆರೋಗ ತಿಂದದ್ದು ನಮ್ಮ ಫಸಲನ್ನು ಮಾತ್ರವಲ್ಲ. ನಮ್ಮಲ್ಲಿ ಅಡಿಕೆ ಸುಲಿಯುವ ನಾಲ್ವರು ಹೆಂಗಸರಿಗೆ ಕಿಲೋ ಲೆಕ್ಕದಲ್ಲಿ ಕೂಲಿ, ಅದೂ ಅರ್ಧಕ್ಕಿಳಿಯಿತು. ಅವರಲ್ಲೊಬ್ಬರು ಮಗಳ ಕಾಲೇಜು ಫೀಸಿಗೆ ಆ ದುಡ್ಡನ್ನೇ ನಂಬಿದ್ದರು.

ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಹೆಚ್ಚು ನೀರಾವಿ ಹೊರಬಲ್ಲದು. ಹಾಗಾಗಿ ಸುರಿದರೆ ಒಮ್ಮೆಗೇ ಸುರಿಯುತ್ತದೆ, ನಡುವೆ ನಾಲ್ಕು ದಿನ ಬಿಸಿಲು. ಹೀಗೆ ಮಳೆ-ಬಿಸಿಲು ಬೆರೆತ ಹವೆ ಕೊಳೆರೋಗದ ರೋಗಾಣುವಿಗೆ ಬಹಳ ಹಿತ. ಕ್ಯಾಲೆಂಡರ್ ಬದಲು ನಾನೀಗ ನೋಡುವುದು ದಿನಾ ಮಳೆ ಅಳೆದು ಬರೆಯುವ ಪುಸ್ತಕವನ್ನು.

ಮಳೆ ಅಳೆಯಲು ದುಬಾರಿ ಯಂತ್ರ ಬೇಡ. ಬಾಯಿಯ ಅಗಲ ಸರಿಯಾಗಿ 16 ಸೆಂ.ಮೀ. ಇರುವ ಆಲಿಕೆ ತೆಗೆದುಕೊಳ್ಳಿ. ಅದರೊಳಗೆ ಬಿದ್ದ 20 ಮಿ.ಲೀ. ನೀರು ಅಂದರೆ 1 ಮಿ.ಮೀ. ಮಳೆ. ಕೆಳಗೆ ಕ್ಯಾನ್ ಇಡಿ, 10 ಲೀಟರಿನದೇ ಇರಲಿ. ನಾನು ಮೊದಲು ಇಟ್ಟದ್ದು 5 ಲೀಟರಿನದು. ಅದು 250 ಮಿ.ಮೀ.ಗೆ ತುಂಬುತ್ತದೆ. ಒಂದು ಬೆಳಿಗ್ಗೆ ನೋಡುವಾಗ ಉಕ್ಕಿ ಹರಿಯುತ್ತಿತ್ತು, ಆ ದಿನದ ಲೆಕ್ಕ ಇವತ್ತಿಗೂ ಪುಸ್ತಕದಲ್ಲಿ ಖಾಲಿ. ತೋಟದೊಳಗೆ ಇಡಬೇಡಿ, ಮರದ ಹನಿ ಮೋಸ ಮಾಡುತ್ತದೆ. ಅಂಗಳದಲ್ಲೋ ಗದ್ದೆಯಲ್ಲೋ, ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿರಲಿ. ನೆಲದ ನೀರು ಸಿಡಿಯದಷ್ಟು ಎತ್ತರ ಬೇಕು. ಹವಾಮಾನ ಇಲಾಖೆಯವರ ಹಾಗೆ ದಿನಾ ಬೆಳಿಗ್ಗೆ 8.30ಕ್ಕೆ ಅಳೆದು ಬರೆಯಿರಿ. ಮಳೆ ಇಲ್ಲದ ದಿನ ಸೊನ್ನೆ ಬರೆಯುವುದನ್ನು ಮರೆಯಬೇಡಿ. ಎಷ್ಟು ದಿನ ಎಡೆಬಿಡದೆ ಸುರಿಯಿತು ಎಂದು ಗೊತ್ತಾಗುವುದು ಆ ಸೊನ್ನೆಗಳಿಂದಲೇ.

ಇನ್ನು ಮದ್ದು. ಮೈಲುತುತ್ತು, ಸುಣ್ಣ, ಮದ್ದು ಕಾಯಿಗೆ ಅಂಟಿಕೊಳ್ಳಲು ರಾಳ, ಇವೆಲ್ಲ ಮೇ ಮೊದಲ ವಾರವೇ ಮನೆಯಲ್ಲಿರಲಿ. ಮರ ಹತ್ತುವವರಿಗೂ ಆಗಲೇ ಹೇಳಿಡಿ. ಮಳೆ ಹತ್ತಿರ ಬಂದಾಗ ಊರಿಗೆಲ್ಲ ಅವರೇ ಬೇಕು. ಈ ಮದ್ದಿನ, ಅಂದರೆ ಬೋರ್ಡೋ ದ್ರಾವಣದ, ಲೆಕ್ಕ ಹಳೆಯದೇ: 1 ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ಕದಡುತ್ತಾ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಾ ಮುರುಗಾ ಆಗಬಾರದು. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಸಾಕು. ಚೊಕ್ಕ ಮಾಡಿದ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಕೆಲಸದ ಗಡಿಬಿಡಿಯಲ್ಲಿ ಈ ಪರೀಕ್ಷೆ ಬಿಡುವವರೇ ಹೆಚ್ಚು, ನಾನು ಮಾತ್ರ ಒಂದು ಡ್ರಮ್ಮನ್ನೂ ಬಿಡುವುದಿಲ್ಲ. ಕಲಸಿದ್ದು ಆ ದಿನವೇ ಮುಗಿಯಬೇಕು.

ಎರಡನೇ ಮದ್ದು 40-45 ದಿನಕ್ಕೆ ಎಂಬುದು ವಾಡಿಕೆ. ಪುಸ್ತಕ ಬೆಲೆಬಾಳುವುದು ಇಲ್ಲಿ. ಸೊನ್ನೆಯೇ ಇಲ್ಲದೆ ವಾರಗಟ್ಟಲೆ ದೊಡ್ಡ ಅಂಕೆಗಳು ಸಾಲುಗಟ್ಟಿದರೆ ನಾನು ಒಂದೆರಡು ಗೊನೆ ಇಳಿಸಿ ನೋಡುತ್ತೇನೆ. ಕಾಯಿಯ ಮೇಲೆ ಮದ್ದಿನ ನೀಲಿ ಪೊರೆ ತೊಳೆದುಹೋಗಿದ್ದರೆ 45ನೇ ದಿನಕ್ಕೆ ಕಾಯುವುದಿಲ್ಲ, ಸಿಕ್ಕಿದ ಮೊದಲ ಬಿಸಿಲಿಗೇ ಮರ ಹತ್ತಿಸಿ ಮದ್ದು ಬಿಡಿಸುತ್ತೇನೆ. ಮಳೆ ಆಗಸ್ಟ್ ದಾಟಿ ಎಳೆದರೆ ಮೂರನೆಯದೂ ಬೇಕು.

ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸುವವರು ಒಂದು ವಿಷಯ ತಿಳಿದಿರಬೇಕು. ಇತ್ತೀಚಿನ ವರ್ಷಗಳಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ರೈತರ ಕಂತು 5%, ಅಂದರೆ 6,400 ರೂಪಾಯಿ. ಪರಿಹಾರ ಲೆಕ್ಕ ಹಾಕುವುದು ಉದುರಿದ ಕಾಯಿ ನೋಡಿ ಅಲ್ಲ, ನಿಮ್ಮ ಗ್ರಾಮ ಪಂಚಾಯತಿನ ಮಳೆಮಾಪಕದ ಅಂಕೆ ನೋಡಿ. ಮನೆಯ ಪುಸ್ತಕ ಅಲ್ಲಿ ದಾಖಲೆಯಾಗುವುದಿಲ್ಲ. ಆದರೂ ಎರಡು ಅಂಕೆ ತೀರಾ ದೂರವಿದ್ದರೆ ಬೇಗ ಗೊತ್ತಾಗುತ್ತದೆ, ಮಳೆಗಾಲ ಮುಗಿಯುವ ಮೊದಲೇ ಹೋಗಿ ವಿಚಾರಿಸಬಹುದು. ಯಂತ್ರ ಕೆಟ್ಟು ನಿಂತಿದೆಯೋ ಏನೋ ಎಂದು ಕೇಳಲು ಕೈಯಲ್ಲಿ ತಾರೀಕು ಸಮೇತ ಲೆಕ್ಕವಿದ್ದರೆ ಮಾತಿಗೆ ತೂಕ ಬರುತ್ತದೆ. ಕಂತಿನ ಕೊನೆಯ ದಿನವನ್ನು ಸೊಸೈಟಿಯಲ್ಲಿ ಮೇ ಕೊನೆಯಲ್ಲೇ ಕೇಳಿಡಿ.

ಪುಸ್ತಕವನ್ನು ಚಾವಡಿಯ ಕಂಬಕ್ಕೆ ಪೆನ್ಸಿಲ್ ಸಮೇತ ಕಟ್ಟಿ. ಪೆನ್ನಿನ ಶಾಯಿ ಆಟಿಯ ತೇವಕ್ಕೆ ಹರಡುತ್ತದೆ.